ಬಿರುಕಿಲ್ಲದ ಫಿಲಂ

ನಮ್ಮಪ್ಪ ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ ಇನ್‌ಸ್ಪೆಕ್ಟರ್. ಎರಕ ಹೊಯ್ದ ತುಂಡುಗಳ ಎಕ್ಸ್‌ರೇ ಫಿಲಂ ನೋಡಿ, ಒಳಗೆ ಬಿರುಕಿದ್ದರೆ ಕೆಂಪು ಬಣ್ಣ ಬಳಿಸಿ ಆಚೆ ಹಾಕಿಸುವುದು, ಇಲ್ಲದಿದ್ದರೆ ಪಾಸ್ ಮಾಡುವುದು ಅವರ ಕೆಲಸ. ಅವರ ಕಣ್ಣು ತಪ್ಪುವುದಿಲ್ಲ ಎಂದು ಭದ್ರಾವತಿಯ ನಮ್ಮ ಬೀದಿಯೆಲ್ಲ ಹೇಳುತ್ತಿತ್ತು. ಅಪ್ಪನೂ ಕೇಳಿಸಿಕೊಳ್ಳುತ್ತಿದ್ದರು, ಬೇಡ ಎನ್ನುತ್ತಿರಲಿಲ್ಲ.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಡಿಪ್ಲೊಮಾ ಓದುತ್ತಿದ್ದ ಅಣ್ಣ ಕಾಲೇಜಿಗೆ ಹೋಗುವುದನ್ನು ಬಿಟ್ಟ. ಬಸ್ಸಿನಲ್ಲಿ ಎಲ್ಲರೂ ತನ್ನ ವಿಷಯವೇ ಮಾತಾಡುತ್ತಾರೆ ಎಂದ. ಒಂದು ಭಾನುವಾರ, ಟೀವಿಯಲ್ಲಿ ವಾರ್ತೆ ಓದುವವನು ತನ್ನನ್ನು ನೋಡಿ ನಗುತ್ತಿದ್ದಾನೆಂದು ಕುಟ್ಟಾಣಿ ಎತ್ತಿ ಪರದೆಗೆ ಎಸೆದ. ಗಾಜಿನ ಚೂರು ಅಮ್ಮನ ಪಾದಕ್ಕೆ ಹೊಕ್ಕಿತು.

ಶಿವಮೊಗ್ಗದ ವಿನೋಬನಗರದ ಮನೋವೈದ್ಯರು, "ಇದು ದೊಡ್ಡ ಮಾನಸಿಕ ಕಾಯಿಲೆಯ ಮುನ್ಸೂಚನೆ ಇರ್ಬಹುದು. ತಲೆಯೊಳಗೆ ಗಡ್ಡೆ ಗಿಡ್ಡೆ ಇಲ್ಲ ಅಂತ ಖಾತ್ರಿಗೆ ಒಂದು ಸ್ಕ್ಯಾನ್ ಮಾಡಿಸಿ, ಹುಡುಗನ್ನ ಕರ್ಕೊಂಡು ವಾಪಸ್ ಬನ್ನಿ" ಎಂದರು. ಸ್ಕ್ಯಾನೇನೋ ಆಯಿತು, ವಾಪಸ್ ಹೋಗಲಿಲ್ಲ. ಅಪ್ಪ ಫಿಲಮ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಹಣೆಗೇರಿಸಿ, ಮೂಲೆ ಮೂಲೆ ನೋಡಿದರು. ರಿಪೋರ್ಟಿನಲ್ಲೂ ನಾರ್ಮಲ್ ಎಂದೇ ಇತ್ತು.

"ಎಲ್ಲೂ ಒಂದು ಗೆರೆ ಇಲ್ಲ. ಮಾಲು ಗಟ್ಟಿಯಾಗಿದೆ. ಇವನಿಗಿರೋದು ಕಾಯಿಲೆ ಅಲ್ಲ, ಕೊಬ್ಬು" ಎಂದರು.

ಅವತ್ತೇ ಬೆಲ್ಟು ಹೊರಗೆ ಬಂತು. ಅಣ್ಣ ಗೋಡೆಯ ಜೊತೆ ಮಾತಾಡಿದರೆ ಏಟು, ಊಟ ಬೇಡವೆಂದರೆ ಏಟು. "ಕಾಲು ಹಿಡ್ಕೊಳೋ" ಎಂದು ಅಪ್ಪ ನನಗೆ ಹೇಳುತ್ತಿದ್ದರು, ನಾನು ಹಿಡಿದುಕೊಳ್ಳುತ್ತಿದ್ದೆ. ಹೆದರಿ ಹಿಡಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಪಿಯುಸಿ ಪರೀಕ್ಷೆ ಹತ್ತಿರವಿತ್ತು, ಮನೆಯಲ್ಲಿ ದಿನಾ ರಂಪ, ಅವನನ್ನು ಕಂಡರೆ ನನಗೂ ಮೈಯೆಲ್ಲ ಉರಿಯುತ್ತಿತ್ತು. ಒಮ್ಮೆ ಅವನು ಒದ್ದಾಡುವಾಗ ಕಾಲು ನನ್ನ ಬಾಯಿಗೆ ಬಿತ್ತು. ಅಪ್ಪ ನಿಲ್ಲಿಸಿದ ಮೇಲೂ ನಾನು ಅವನ ಬೆನ್ನಿಗೆ ಗುದ್ದುತ್ತಲೇ ಇದ್ದೆ. ಅಮ್ಮ ಕುಂಟುತ್ತಾ ಬಂದು ನನ್ನ ಕೂದಲು ಹಿಡಿದು ಎಳೆದಳು. ನೆನೆದರೆ ನನ್ನ ಮೇಲೆ ನನಗೇ ಅಸಹ್ಯ.

"ಒಳಗೆ ಏನೋ ಆಗಿದೆ ಅಪ್ಪಾ, ನಿಜವಾಗ್ಲೂ ಆಗಿದೆ" ಎಂದು ಅಣ್ಣ ಗೋಗರೆಯುತ್ತಿದ್ದ.

"ಆಗಿದ್ರೆ ಫಿಲಮ್ಮಲ್ಲಿ ಕಾಣ್ಬೇಕಲ್ಲೋ!" ಎಂದು ಅಪ್ಪ ಇನ್ನೊಂದು ಬಾರಿಸುತ್ತಿದ್ದರು.

ಎರಡು ತಿಂಗಳು ಹೀಗೇ ನಡೆಯಿತು. ಒಂದು ಬೆಳಗ್ಗೆ ಅಪ್ಪ ಡ್ಯೂಟಿಗೆಂದು ಬೂಟಿನ ಲೇಸು ಕಟ್ಟುತ್ತಿದ್ದರು. ಅಣ್ಣ ಅವರ ಎದುರಿಗೇ ಬಂದು ಬಾಗಿಲ ಚೌಕಟ್ಟಿಗೆ ಹಣೆ ಬಡಿದುಕೊಂಡ. ಮತ್ತೆ. ಮತ್ತೆ. ತೆಂಗಿನಕಾಯಿ ಒಡೆದಂಥ ಸದ್ದು. ನಾನು ಸೊಂಟ ಹಿಡಿದು ಎಳೆದರೂ ಬಿಡಲಿಲ್ಲ. ರಕ್ತ ಕಣ್ಣಿಗಿಳಿದ ಮುಖವನ್ನು ಅಪ್ಪನ ಕಡೆ ತಿರುಗಿಸಿ, "ಈಗ ಫೋಟೋ ತೆಗೆಸಿ ಅಪ್ಪಾ, ಈಗ ಕಾಣುತ್ತೆ" ಎಂದು ಕುಸಿದ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿ ಮತ್ತೆ ಫಿಲಂ ತೆಗೆದರು. ಹಣೆಯ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು. ವಿನೋಬನಗರದ ವೈದ್ಯರನ್ನು ಕರೆಸಿದೆವು. ಅಪ್ಪ ಬೆರಳಿಟ್ಟು ತೋರಿಸಿದರು. "ಇಲ್ಲಿದೆ ಸಾರ್. ಇದೇ ಅಲ್ವಾ ಕಾಯಿಲೆ?"

"ಅದು ಪೆಟ್ಟಿನ ಬಿರುಕು ಯಜಮಾನ್ರೇ. ಕಾಯಿಲೆ ಹೀಗೆ ಕಾಣಲ್ಲ. ಇಂಥವರ ಮಿದುಳಿನ ಹೊರಪದರ ಕೆಲವು ಕಡೆ ಒಂಚೂರು ತೆಳುವಾಗಿರುತ್ತೆ ಅಂತಾರೆ. ಅದು ನೂರಾರು ಜನರನ್ನ ಅಳೆದು ಹೋಲಿಸಿದ್ರೆ ಮಾತ್ರ ಗೊತ್ತಾಗೋ ವ್ಯತ್ಯಾಸ. ಒಬ್ಬನ ಫಿಲಂ ನೋಡಿ ನಾನೂ ಹೇಳಲಾರೆ. ಅವನು ಹೇಳಿದ್ದನ್ನ ಕೇಳ್ಬೇಕಿತ್ತು ನೀವು."

ಅಪ್ಪ ಫಿಲಂ ಹಿಡಿದುಕೊಂಡು ಗೋಡೆಗೊರಗಿ ನೆಲದ ಮೇಲೆ ಕೂತುಬಿಟ್ಟರು. ತಲೆಗೆ ಬ್ಯಾಂಡೇಜು ಸುತ್ತಿಸಿಕೊಂಡು ಮಲಗಿದ್ದ ಅಣ್ಣ ನನ್ನ ಕೈ ಜಗ್ಗಿದ.

"ಕಾಣ್ತೇನೋ?"

"ಕಾಣ್ತು ಅಣ್ಣಾ" ಎಂದೆ.

ಅವನ ಮುಖ ಸಡಿಲವಾಯಿತು. "ಹಾಗಾದ್ರೆ ಇನ್ನು ಹೊಡೆಯಲ್ಲ ಬಿಡು" ಎಂದು ಕಣ್ಣು ಮುಚ್ಚಿದ.