ಗರಿಗರಿ ಮಾಸ್ಟರ ಬಲಗಾಲು

ಗೂನು ಬೆನ್ನು, ಜೋಲು ಹೊಟ್ಟೆ, ಏರುಪೇರಾದ ಹೆಗಲು, ಹೀಗೆ ದೇವರು ಮಾಡಿದ ತಪ್ಪನ್ನೆಲ್ಲ ಬಟ್ಟೆಯೊಳಗೆ ಮುಚ್ಚಿಹಾಕುವುದರಲ್ಲಿ ಆ ದರ್ಜಿಯದು ಎತ್ತಿದ ಕೈ. ಮೂವತ್ತು ವರ್ಷದಿಂದ ಒಂದೇ ಮಳಿಗೆ, ಒಂದೇ ಹೊಲಿಗೆ ಯಂತ್ರ. ಇಸ್ತ್ರಿಯಿಲ್ಲದ ಬಟ್ಟೆಯಲ್ಲಿ ಅವರನ್ನು ಕಂಡವರೇ ಇಲ್ಲವಾದ್ದರಿಂದ ಬೀದಿಯವರೆಲ್ಲ ಗರಿಗರಿ ಮಾಸ್ಟರು ಎನ್ನುತ್ತಿದ್ದರು. ಬೆನ್ನ ಹಿಂದೆ ನಗುತ್ತಿದ್ದರು ಅನ್ನುವುದು ಬೇರೆ ಮಾತು.

ಯಂತ್ರ ತುಳಿಯುವ ಅವರ ಬಲಗಾಲಿನ ಮೂಳೆಗೆ ಕೀವು ಸೇರಿಕೊಂಡಿತು. ಈ ತಿಂಗಳೊಳಗೆ ಆಪರೇಷನ್ ಆಗದಿದ್ದರೆ ಕಾಲನ್ನೇ ಕತ್ತರಿಸಬೇಕಾಗುತ್ತದೆ ಎಂದು ಡಾಕ್ಟರು ಹೇಳಿಬಿಟ್ಟರು. ಅದಕ್ಕೆ ಬೇಕಾದ ದುಡ್ಡು ಇವರ ಹತ್ತಿರ ಎಲ್ಲಿಂದ ಬರಬೇಕು? ಕೈಕಾಲಿನ ದೊಡ್ಡ ಕಾಯಿಲೆಗಳಿಗೆಂದೇ ನೆರವು ಕೊಡುವ ಸಂಸ್ಥೆಯೊಂದಿತ್ತು. ಅದರ ಸಮಿತಿಯಲ್ಲಿ ಡಾಕ್ಟರೊಬ್ಬರನ್ನು ಬಿಟ್ಟು ಉಳಿದ ಎಲ್ಲ ಬಗೆಯ ದೊಡ್ಡವರೂ ಇದ್ದರು. ಅವರು ಎಕ್ಸ್-ರೇ ನಂಬುವ ಪೈಕಿಯವರಲ್ಲ. ರೋಗಿ ಅವರೆದುರು ಹತ್ತು ಹೆಜ್ಜೆ ನಡೆಯಬೇಕು. ಕುಂಟಿದರೆ ನೆರವು, ಇಲ್ಲದಿದ್ದರೆ ನಮಸ್ಕಾರ.

ಹಳೇ ಪೈಜಾಮ ಹಾಕಿಕೊಂಡು ಬನ್ನಿ ಎಂದು ಹೆಂಡತಿ ಬೇಡಿಕೊಂಡಳು. ಇವರು ಕೇಳುತ್ತಾರೆಯೇ? ನಾಲ್ಕು ದಿನ ಕೂತು, ಊದಿದ ಕಾಲು ಕಾಣದಂತೆ ಬಲಬದಿಗೆ ಹೆಚ್ಚು ಬಟ್ಟೆ ಬಿಟ್ಟು, ಒಳಗೆ ಲೈನಿಂಗ್ ಕೊಟ್ಟು ಹೊಸ ಪ್ಯಾಂಟನ್ನೇ ಹೊಲಿದುಕೊಂಡರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಗೊಣಗುತ್ತ ಅವಳು ಫೈಲು ಹಿಡಿದು ಹಿಂದೆ ಹೊರಟಳು.

ಸಮಿತಿಯ ಐವರು ಮೇಜಿನ ಹಿಂದೆ ಕೂತು ಬಿಸ್ಕತ್ತು ತಿನ್ನುತ್ತಿದ್ದರು. ಮಾಸ್ಟರು ಹಲ್ಲು ಕಚ್ಚಿಕೊಂಡು ಹತ್ತು ಹೆಜ್ಜೆ ನಡೆದರು. ಇಸ್ತ್ರಿಯ ಗೆರೆ ಬಾಗದ ಹಾಗೆ ನಡೆದರು, ಮಹಾನುಭಾವರು! ಹಣೆಯಿಂದ ಬೆವರು ಇಳಿಯುತ್ತಿತ್ತು, ಸಮಿತಿ ನೋಡಿದ್ದು ಕಾಲನ್ನು. ಎರಡೂ ಒಂದೇ ಸಮ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ನಿಜ, ಆದರೆ ಹುಣ್ಣಿಗೇ ಲೈನಿಂಗ್ ಹಾಕಿ ತಂದರೆ ಯಾರೇನು ಮಾಡಿಯಾರು? ನೆರವಿಗೆ ಅರ್ಹರಲ್ಲ ಎಂದು ಬರೆಯಲು ಅಧ್ಯಕ್ಷರು ಪೆನ್ನು ಎತ್ತಿದರು. ಬರೆಯುವ ಮುನ್ನ, ಆ ಪ್ಯಾಂಟು ಹೊಲಿದವರು ಯಾರೆಂದು ಕೇಳಿದರು. ಮಾಸ್ಟರ ಮುಖ ಅರಳಿತು. ಮಳಿಗೆಯ ವಿಳಾಸ ಹೇಳಿದ್ದಲ್ಲದೆ, ಅಧ್ಯಕ್ಷರ ಹೊಟ್ಟೆಗೆ ಎಷ್ಟು ಬಟ್ಟೆ ಹಿಡಿದೀತೆಂದು ನಿಂತಲ್ಲೇ ಅಂದಾಜೂ ಮಾಡಿಕೊಟ್ಟರು.

ಹೆಂಡತಿಗೆ ರೇಗಿಹೋಯಿತು. ಮೇಜಿನ ಮೇಲಿದ್ದ ಕತ್ತರಿ ಎತ್ತಿಕೊಂಡವಳೇ ಕುಕ್ಕರಿಸಿ, ಪ್ಯಾಂಟನ್ನು ತುದಿಯಿಂದ ಮಂಡಿಯವರೆಗೆ ಸೀಳಿದಳು. ಬಟ್ಟೆ ಹಾಳಾಯಿತೆಂದು ಮಾಸ್ಟರು ಕೂಗಿಕೊಂಡರು. ಬ್ಯಾಂಡೇಜು ಪೂರ್ತಿ ಒದ್ದೆಯಾಗಿತ್ತು. ವಾಸನೆ ಕೋಣೆಯೆಲ್ಲ ಹರಡಿತು. ಬಿಸ್ಕತ್ತು ಕೆಳಗಿಟ್ಟು ಐವರೂ ಒಟ್ಟಿಗೆ ಕಿಟಕಿಯ ಕಡೆ ತಿರುಗಿದರು. ಅಧ್ಯಕ್ಷರು ಮುಖ ತಿರುಗಿಸಿಕೊಂಡೇ ಮಂಜೂರು ಎಂದು ಸಹಿ ಹಾಕಿದರು.

ಹೆಂಡತಿ ಮಾತ್ರ ನೆಲ ಬಿಟ್ಟು ಏಳಲಿಲ್ಲ. ಆಸ್ಪತ್ರೆಗೆ ಮಾಸ್ಟರು ಒಬ್ಬರೇ ಹೋಗಿ ಬರುತ್ತಿದ್ದರು, ಬಾಗಿಲು ಹಾಕಿಕೊಂಡೇ ಬಟ್ಟೆ ಬದಲಿಸುತ್ತಿದ್ದರು. ಎರಡು ತಿಂಗಳಿಂದ ಆ ಕಾಲನ್ನು ಅವಳಿಗೂ ತೋರಿಸಿರಲಿಲ್ಲ ಆ ಮನುಷ್ಯ.

"ನನ್ನಿಂದಲೂ ಮುಚ್ಚಿಟ್ರಾ?" ಎಂದಳು.

ಮಾಸ್ಟರು ಕೈಚಾಚಿ ಅವಳ ಹೆಗಲು ಹಿಡಿದುಕೊಂಡರು. ಅವಳು ಎದ್ದ ಮೇಲೆ ಅಲ್ಲಿಂದ ಬಾಗಿಲವರೆಗೂ ಕುಂಟಿಕೊಂಡೇ ಹೋದರು.