ಪಾವಗಡವನ್ನು ಒಪ್ಪದ ನನ್ನ ಫಾರಂ

"ಜಗೀಬಾರ್ದು ಕಣಮ್ಮ, ನುಂಗು!"

ಮಧುಗಿರಿಗೆ ಬಂದ ಮೊದಲ ಮಧ್ಯಾಹ್ನ ಮನೆಯೊಡತಿ ಜಯಮ್ಮ ಹೀಗೆ ಗದರಿದಾಗ ನನ್ನ ಹಲ್ಲಿಗೆಲ್ಲ ರಾಗಿ ಮುದ್ದೆ ಅಂಟಿಕೊಂಡಿತ್ತು. ಹುಟ್ಟಿದಾಗಿನಿಂದ ಜೋಳದ ರೊಟ್ಟಿ ಜಗಿದವಳು ನಾನು. ಉಂಡದ್ದನ್ನು ಜಗಿಯಬೇಡ ಅನ್ನುವ ಊರು ಇದೆಂಥದಪ್ಪ ಅಂತ ಕಿಟಕಿ ಕಡೆ ನೋಡಿದರೆ ಅಲ್ಲಿ ಆಕಾಶವೇ ಇಲ್ಲ, ಬರೀ ಬಂಡೆ. ಗದಗ ಜಿಲ್ಲೆ ರೋಣದ ನಮ್ಮ ಬಯಲಿನ ಎರಿಹೊಲದಲ್ಲಿ ನಿಂತರೆ ಮೂರು ಊರಿನಾಚೆಯ ಗುಡಿ ಕಾಣತದ. ಇಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಬೆಟ್ಟ. ಅವತ್ತು ಬಾಯಿ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ಬಂದದ್ದು ಕಣ್ಣಿನ ಶಿಬಿರ ನಡೆಸುವ ಒಂದು ಸಣ್ಣ ಟ್ರಸ್ಟಿನ ಕೆಲಸಕ್ಕೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕು ತಾಲ್ಲೂಕಿನ ಹಳ್ಳಿಗಳಲ್ಲಿ ತಪಾಸಣೆ ಮಾಡಿ, ಕನ್ನಡಕ ತಯಾರಾದ ಮೇಲೆ ಅಂಚೆಯಲ್ಲಿ ಮನೆಗೆ ಕಳಿಸುತ್ತಾರೆ. ಹೆಸರು, ವಿಳಾಸ ತುಂಬುವ ಕಂಪ್ಯೂಟರ್ ಫಾರಂ ಮಾಡುವುದು ನನ್ನ ಪಾಲಿಗೆ ಬಂತು. ಹಳೆಯ ರಿಜಿಸ್ಟರ್ ತೆರೆದರೆ ತಲೆ ತಿರುಗಿತು. ಪಿನ್ ಕೋಡನ್ನು ಒಬ್ಬರು ನಡುವೆ ಜಾಗ ಬಿಟ್ಟು ಬರೆದಿದ್ದಾರೆ, ಇನ್ನೊಬ್ಬರು ಗೆರೆ ಎಳೆದಿದ್ದಾರೆ, ಮತ್ತೊಬ್ಬರು ಐದೇ ಅಂಕಿ ಬರೆದು ಎದ್ದು ಹೋಗಿದ್ದಾರೆ.

ನಾನು ಶಿಸ್ತು ತಂದೆ. ಜಾಗ, ಗೆರೆ ಇದ್ದರೆ ತಾನೇ ಅಳಿಸಿಹೋಗಬೇಕು. ಆರು ಅಂಕಿ ಇರಲೇಬೇಕು. ಮೊದಲ ಮೂರು 572 ಆಗಿರಬೇಕು, ಇಲ್ಲವಾದರೆ ಕೆಂಪಕ್ಷರದಲ್ಲಿ 'ತಪ್ಪು ಪಿನ್' ಅಂತ ಬಂದು ಫಾರಂ ಅಲ್ಲೇ ನಿಲ್ಲಬೇಕು. ಗದಗ ಜಿಲ್ಲೆಯಲ್ಲಿ ನಾನು ಕಂಡದ್ದೆಲ್ಲ 582, ನಮ್ಮ ಆಫೀಸಿದ್ದ ಮಧುಗಿರಿಯದು 572, ಹಾಗಾದರೆ ತುಮಕೂರು ಜಿಲ್ಲೆಗೆಲ್ಲ 572 ಅಂತ ನಾನೇ ತೀರ್ಮಾನಿಸಿದೆ. ಯಾರನ್ನೂ ಕೇಳಲಿಲ್ಲ. "ಹೌದ್ರಿ" ಅಂದರೆ ಸಾಕು, ಆಫೀಸಿನವರು "ಹೌದ್ರೀ ಹೌದ್ರೀ" ಅಂತ ಕಿಚಾಯಿಸುತ್ತಿದ್ದರು. ಅದಕ್ಕೇ ಬಾಯಿ ಮುಚ್ಚಿಕೊಂಡಿರುತ್ತಿದ್ದೆ.

ಎರಡು ತಿಂಗಳಾದ ಮೇಲೆ ಪಾವಗಡದ ಬಸ್ಸಿಳಿದು ಒಬ್ಬ ಹೆಂಗಸು ನೇರ ನನ್ನ ಮೇಜಿನ ಮುಂದೆ ಬಂದು ನಿಂತಳು. ಹೆಸರು ಅಂಜಿನಮ್ಮ, ಹಳ್ಳಿಯಲ್ಲಿ ಬಟ್ಟೆ ಹೊಲಿಯುವ ಕೆಲಸ.

"ಏಮಮ್ಮಾ, ಕಂಪ್ಯೂಟರಮ್ಮ ನೀನೇನಾ? ನನ್ ಕನ್ನಡಕ ಎಲ್ಲವ್ವಾ? ಸೂಜಿಗೆ ದಾರ ಪೋಣಿಸಾಕಾಯ್ತಾ ಇಲ್ಲ. ಮದ್ವೆ ಹೆಣ್ಣಿನ ರವಿಕೆಗೆ ತೋಳು ಉಲ್ಟಾ ಹೊಲ್ದುಬುಟ್ಟೆ! ಊರೋರು ಬಟ್ಟೆ ಕೊಡಾದೇ ನಿಲ್ಸವ್ರೆ. ಇನ್ನೊಂದು ವಾರ ನೋಡ್ತೀನಿ, ಆಮೇಲೆ ಮಿಷನ್ನು ಮಾರಿ ಕೂಲಿಗೋಯ್ತೀನಿ."

ಅವಳ ವಿಳಾಸ ತೆರೆದು ನೋಡಿದೆ. ಊರು ಪಾವಗಡದ್ದು, ಪಿನ್ ಮಧುಗಿರಿಯದು. ನನ್ನ ಮೂಗಿನ ತುದಿಯ ಸಿಟ್ಟು ಬಿಡಬೇಕಲ್ಲ! "ತಪ್ಪು ಪಿನ್ ನೀವೇ ಕೊಟ್ಟೀರಿ, ನಾವೇನ್ ಮಾಡೂಣು?" ಅಂತ ಜಬರಿಸಿದೆ.

"ನಾನೆಲ್ಲಿ ಕೊಟ್ಟೆ? ನಂದು 561ರಿಂದ ಶುರು. ಶಿಬಿರದಾಕೆ ಅದ್ನೇ ಹೊಡುದ್ಲು, ಕೆಂಪಗೆ ಬಂತು. ನಮ್ಮೂರೋರು ಎಲ್ರುದೂ ಕೆಂಪಗೇ ಬಂತು. ಹಿಂದೆ ನೋಡಿದ್ರೆ ಜನ ಸಾಲು ನಿಂತವ್ರೆ. ಕೊನೇಗೆ ನಿಮ್ಮಾಫೀಸಿನ ಪಿನ್ನು ಹಾಕಿದ್ಲು, ಒಳೀಕೆ ಹೋಯ್ತು. ನಾವು ಚಪ್ಪಾಳೆ ಹೊಡುದ್ವಿ."

"ತುಮಕೂರು ಜಿಲ್ಲಾದಾಗ 561 ಹೆಂಗ ಬರತದ್ರಿ?"

"ಜಿಲ್ಲೆ ತುಮಕೂರೇ ಕಣಮ್ಮ. ಪಿನ್ನು ಮಾತ್ರ ಬೇರೆ. ಇಲ್ಲಿ ಯಾರ್ನ ಕೇಳಿದ್ರೂ ಹೇಳೋರು."

ಅಂಚೆಯ ಪಟ್ಟಿ ತೆಗೆದು ನೋಡಿದೆ. ಪಾವಗಡ, 561. ಕಿವಿ ಕಾದ ಹಂಚಾಯಿತು. ನಾನು ಬರೆದ ಒಂದು ಸಾಲು ಒಂದು ತಾಲ್ಲೂಕಿನ ಜನರನ್ನೇ ತಪ್ಪು ಅಂದಿತ್ತು.

ಹಾಗಾದರೆ ಕನ್ನಡಕ ಎಲ್ಲಿ? ವಿಳಾಸ ಹೊಂದದೆ ಮರಳಿ ಬಂದ ಪೊಟ್ಟಣಗಳನ್ನು ಯಾರೋ ಮೆಟ್ಟಿಲ ಕೆಳಗಿನ ಚೀಲಕ್ಕೆ ತುಂಬಿಟ್ಟಿದ್ದರು. ಹಳೆಯ ಕರಪತ್ರ ಅಂದುಕೊಂಡು ನಾನೇ ದಿನಾ ಅದನ್ನು ದಾಟಿ ಹೋಗುತ್ತಿದ್ದೆ. ಇಬ್ಬರೂ ನೆಲಕ್ಕೆ ಕೂತು ಒಂದೊಂದೇ ತೆಗೆದೆವು. ಅವಳಿಗೆ ಅಕ್ಷರ ಕಾಣದು, ನಾನು ಹೆಸರು ಓದಬೇಕು. "ಅಯ್ಯೋ, ಇವ್ನು ನಮ್ಮ ಪಕ್ಕದ್ಮನೆಯೋನು! ಇವಮ್ಮ ನಮ್ಮೂರ ಕೆರೆ ಕೆಳಗ್ಲೋಳು!" ಅನ್ನುತ್ತಿದ್ದಳು. ಚೀಲದ ತಳದಲ್ಲಿ ಅವಳದು ಸಿಕ್ಕಿತು.

ಕನ್ನಡಕ ಹಾಕಿಕೊಂಡವಳು ಮೊದಲು ನೋಡಿದ್ದು ನನ್ನ ಮುಖ. "ಇಷ್ಟು ಚಿಕ್ಕೋಳಾ ನೀನು? ದನಿ ಕೇಳಿ ಯಾರೋ ಅತ್ತೆ ಅಂದ್ಕಂಡಿದ್ದೆ!" ಆಮೇಲೆ ಸೆರಗಿನ ತುದಿಯಿಂದ ಸೂಜಿ ತೆಗೆದು ಒಂದೇ ಸಲಕ್ಕೆ ದಾರ ಪೋಣಿಸಿದಳು. ನನಗೆ ಅಳು ತಡೆಯಲಾಗಲಿಲ್ಲ. "ತಪ್ಪು ನಂದರಿ ಅಂಜಿನಮ್ಮ" ಅಂದೆ. "ಗೊತ್ತಾಯ್ತು ಬುಡು, ಈಗ ಸರಿ ಮಾಡು" ಅಂದಳು.

ಅವಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಸರಿಮಾಡಿದೆ. ಊರು ಆರಿಸಿದರೆ ಪಿನ್ ತಾನೇ ಬರುವಂತೆ, ಬೇರೆ ಬರೆದರೆ "ಇದೇ ಸರಿಯಾ?" ಅಂತ ಕೇಳುವಂತೆ, ಆದರೆ ಯಾರನ್ನೂ ತಡೆಯದಂತೆ. ಪಾವಗಡದ ಕಡೆಯ ಒಂದೊಂದು ಊರಿನ ಹೆಸರನ್ನೂ ಅವಳು ಹೇಳಿಕೊಟ್ಟಳು. ನನ್ನ ಉಚ್ಚಾರಕ್ಕೆ ಬಿದ್ದು ಬಿದ್ದು ನಕ್ಕಳು, ನಾನೂ ನಕ್ಕೆ. ಈ ಸೀಮೆಗೆ ಬಂದು ಬಾಯಿ ಬಿಟ್ಟು ನಕ್ಕದ್ದು ಅವತ್ತೇ. ಆಫೀಸಿನವರೂ ಕಿಚಾಯಿಸದೆ ಸಂಜೆಯವರೆಗೆ ಕೂತು ಆ ಪೊಟ್ಟಣಗಳಿಗೆಲ್ಲ ಹೊಸ ಚೀಟಿ ಅಂಟಿಸಿದರು. ಅವರ ಋಣ ನನ್ನ ಮೇಲಿದೆ.

ಹೋಗುವಾಗ ಅಂಜಿನಮ್ಮ ಕೇಳಿದಳು, "ನಿಮ್ಮವ್ವ ಎಲ್ಲವ್ಳೆ? ಅವಮ್ಮನ ವಿಳಾಸಾನೂ ರವಿಕೆ ಅಳತೇನೂ ಬರ್ಕೊಡು. ಪಿನ್ನು ಸರಿಯಾಗಿ ಬರಿ ಮತ್ತೆ!"

ತಿಂಗಳೊಪ್ಪತ್ತಿಗೆ ಅವ್ವ ಫೋನು ಮಾಡಿದಳು. "ಯವ್ವಾ, ಪಾವಗಡದಿಂದ ಯಾರೋ ನನಗೊಂದು ಕುಬಸ ಹೊಲ್ದು ಕಳಿಸ್ಯಾರ. ಅಳತಿ ಕೊಟ್ಟಾಕಿ ನೀನೇನು? ತೋಳು ಎಷ್ಟು ಚಂದ ಕುಂತಾವ! ಯಾರವ್ವ ಆಕಿ?"

"ನಮ್ಮೂರಾಕಿ" ಅಂದುಬಿಟ್ಟೆ.

ಅವ್ವ ಮೆಲ್ಲಗೆ, "ಹಂಗಾರ ನಾವು ಯಾವೂರವ್ರು?" ಅಂತ ಕೇಳಿದಳು.