ಕಾಕಾ ಕೇಳುತ್ತಿದ್ದ ನಾಷ್ಟಾ

ತಾರಿಹಾಳದ ನಮ್ಮ ಕಾರ್ಖಾನೆಯಲ್ಲಿ ಸುರಕ್ಷತೆಯ ಹೊಣೆ ನನ್ನದು. ತಗಡು ಒತ್ತಿ ಕತ್ತರಿಸುವ ಪ್ರೆಸ್ ಮಷೀನಿಗೆ ಕೈ ಹಚ್ಚುವ ಮೊದಲು ಎಲ್ಲರೂ ತುಂಬಬೇಕೆಂದು ಒಂದು ಫಾರ್ಮ್ ಮಾಡಿದ್ದೆ. ‘ಇಂದು ನಿಮ್ಮ ಮನಸ್ಸು ಹೇಗಿದೆ?’ ಎಂಬ ಪ್ರಶ್ನೆಗೆ ಎಲ್ಲರೂ ‘ಛಲೋ ಐತಿ’ ಎಂದೇ ಬರೆಯುತ್ತಿದ್ದರು. ಎಲ್ಲರೂ ಕಾಕಾ ಎನ್ನುವ ಹಿರಿಯ ಫೋರ್‌ಮನ್ ಆ ಫಾರ್ಮಿನತ್ತ ತಿರುಗಿಯೂ ನೋಡುತ್ತಿರಲಿಲ್ಲ. ಬಾಗಿಲಲ್ಲೇ ನಿಂತು, “ಇವತ್ತ ನಾಷ್ಟಾ ಏನ್ ಮಾಡಿದಿ, ತಮ್ಮಾ?” ಎಂದು ಒಬ್ಬೊಬ್ಬರನ್ನೂ ಕೇಳುತ್ತಿದ್ದರು. ತಿಂದದ್ದು ನೆನಪಾಗದೆ ತಡವರಿಸಿದವನಿಗೆ ಆ ದಿನ ಪ್ರೆಸ್ ಇಲ್ಲ. ಕೂತು ವಾಷರ್ ಆರಿಸುವ ಕೆಲಸ. ಇದೆಂಥ ಹುಚ್ಚಾಟ ಎಂದು ನನಗೆ ಸಿಟ್ಟು ಬರುತ್ತಿತ್ತು.

ನಮ್ಮ ಅವ್ವ ದವಾಖಾನೆಯಲ್ಲಿದ್ದಾಗ ಒಂದು ಬೆಳಿಗ್ಗೆ, ಹೊಸದಾಗಿ ಬಂದ ಡೈ, ಅಂದರೆ ಅಚ್ಚು, ಪರೀಕ್ಷಿಸಲು ನಾನೇ ಪ್ರೆಸ್ಸಿನತ್ತ ಹೊರಟೆ. ಕಾಕಾ ಅಡ್ಡ ಬಂದರು.

“ಸರ, ನಾಷ್ಟಾ ಏನ್ ಮಾಡಿ ಬಂದ್ರಿ?”

ಬಾಯಿ ತೆರೆದೆ. ನೆನಪಾಗಲಿಲ್ಲ. ಅವರು ನನ್ನ ಕೈಯಿಂದ ಮಷೀನಿನ ಕೀಲಿ ತೆಗೆದುಕೊಂಡು, ವಾಷರಿನ ರಾಶಿಯ ಮುಂದೆ ಕೂರಿಸಿ, ತಮ್ಮ ಬುತ್ತಿ ಬಿಚ್ಚಿದರು.

“ಮೊದಲ ಎರಡ್ ರೊಟ್ಟಿ ತಿನ್ರಿ. ಮನಸ್ಸು ದವಾಖಾನ್ಯಾಗ ಬಿಟ್ಟು ಬಂದು, ಇಲ್ಲಿ ಮಷೀನಿಗೆ ಕೈ ಹಚ್ಚಬ್ಯಾಡ್ರಿ.”

ರೊಟ್ಟಿ ಮುರಿಯುವಾಗ ಮೇಜಿನ ಮೇಲಿದ್ದ ಅಂದಿನ ಫಾರ್ಮ್ ಕಂಡಿತು. ನನ್ನ ಹೆಸರಿನ ಮುಂದೆ, ನನ್ನದೇ ಅಕ್ಷರದಲ್ಲಿ: ಛಲೋ ಐತಿ.